ಲೆಕ್ಕ ಮಾಡುವವಳು

ಎಡಿತ್ ಕ್ಲಾರ್ಕ್ ಹೆಂಗಸು ಎಂಬುದು ನನಗೆ ಗೊತ್ತಾದದ್ದು ಆಕೆಯ ಹೆಸರಿನ ಸೂತ್ರವನ್ನು ಐದು ವರ್ಷ ಬಳಸಿದ ಮೇಲೆ. ಬಿ.ಇ. ಮೂರನೆಯ ವರ್ಷದಲ್ಲಿ ‘ಕ್ಲಾರ್ಕ್ ರೂಪಾಂತರ’ ಎಂಬ ಪಾಠ ಬಂದಿತ್ತು. ಅದರ ಬೆನ್ನಿಗೇ ‘ಪಾರ್ಕ್ ರೂಪಾಂತರ’. ಪ್ರಾಸ ಕೂಡಿದ್ದರಿಂದ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಲು ಅನುಕೂಲವಾಗಿತ್ತು, ಅಷ್ಟೆ. ಕ್ಲಾರ್ಕ್ ಯಾರು, ಎಲ್ಲಿಯವರು ಎಂದು ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕನ್ನಡದಲ್ಲಿ ‘ಅವರು’ ಎಂಬ ಒಳ್ಳೆಯ ಪದವೊಂದಿದೆ. ‘ಕ್ಲಾರ್ಕ್ ಅವರು ಕಂಡುಹಿಡಿದರು’ ಎಂದರೆ ಮರ್ಯಾದೆಯೂ ಆಯಿತು, ಗಂಡೋ ಹೆಣ್ಣೋ ಎಂಬ ಪ್ರಶ್ನೆಯೂ ಮುಗಿಯಿತು. ಹಾಗೆ ಖಾಲಿ ಉಳಿದ ಜಾಗದಲ್ಲಿ ನಾವೆಲ್ಲ, ಹುಡುಗಿಯರೂ ಸೇರಿ, ಕೋಟು ತೊಟ್ಟ ಒಬ್ಬ ಗಂಡಸನ್ನೇ ಕೂರಿಸಿಕೊಂಡಿದ್ದೆವು. ಹಾಗಾಗಿ ಈ ಬರಹದಲ್ಲಿ ಆಕೆಯನ್ನು ಏಕವಚನದಲ್ಲೇ ಕರೆಯುತ್ತೇನೆ. ಗೌರವ ಕಡಿಮೆಯಾಗಿ ಅಲ್ಲ, ಈ ಸಲವಾದರೂ ಕಾಣಲಿ ಎಂದು.

ಗೊತ್ತಾದ ಬಗೆಯೂ ತೀರಾ ಸಾಮಾನ್ಯ. ಪಿಎಚ್‌ಡಿಯ ಎರಡನೆಯ ವರ್ಷ ಒಂದು ಇನ್ವರ್ಟರಿನ ಸಿಮ್ಯುಲೇಷನ್ ಮಾಡುತ್ತಿದ್ದೆ. ಸೋಲಾರ್ ಫಲಕಗಳ ನೇರ ವಿದ್ಯುತ್ತನ್ನು ಜಾಲಕ್ಕೆ ಒಗ್ಗುವ ಪರ್ಯಾಯ ವಿದ್ಯುತ್ತಾಗಿ ಬದಲಿಸುವ ಯಂತ್ರ ಅದು. ಉತ್ತರ ಎಲ್ಲೋ ತಪ್ಪುತ್ತಿತ್ತು. ಕ್ಲಾರ್ಕ್ ಸೂತ್ರದ ಮುಂದಿನ ಗುಣಕವನ್ನು ಕೆಲವು ಪುಸ್ತಕಗಳು ಮೂರನೆಯ ಎರಡು ಎನ್ನುತ್ತವೆ, ಕೆಲವು ಅದರ ವರ್ಗಮೂಲ ಎನ್ನುತ್ತವೆ. ನಾನು ಒಂದೇ ಪ್ರೋಗ್ರಾಮಿನಲ್ಲಿ ಎರಡು ಕಡೆ ಎರಡು ಥರ ಬರೆದುಕೊಂಡಿದ್ದೆ. ಮೂಲದಲ್ಲಿ ಏನಿದೆ ನೋಡಿಬಿಡೋಣ ಎಂದು ಗ್ರಂಥಾಲಯದ ಹಳೆಯ ಕಪಾಟಿನಿಂದ 1943ರ ಪುಸ್ತಕವೊಂದನ್ನು ಇಳಿಸಿದೆ. ಪರ್ಯಾಯ ವಿದ್ಯುತ್ ವ್ಯವಸ್ಥೆಗಳ ಮಂಡಲ ವಿಶ್ಲೇಷಣೆ ಎಂದು ಅದರ ಹೆಸರನ್ನು ಕನ್ನಡಕ್ಕೆ ತರಬಹುದು. ಮುಖಪುಟದ ಒಳಗೆ ಲೇಖಕರ ಹೆಸರು: ಎಡಿತ್ ಕ್ಲಾರ್ಕ್.

ಅದೇ ತಿಂಗಳು ನನಗೆ ಇನ್ನೊಂದು ಸಂಗತಿ ನಡೆದಿತ್ತು. ನಾಲ್ಕು ತಿಂಗಳು ಕೂತು ನಾನು ಲೆಕ್ಕ ಮಾಡಿಕೊಟ್ಟಿದ್ದ ಕೆಲಸ ಪ್ರಬಂಧವಾಗಿ ಪ್ರಕಟವಾಯಿತು. ಲೇಖಕರ ಸಾಲಿನಲ್ಲಿ ನನ್ನ ಹೆಸರಿರಲಿಲ್ಲ. ಕೊನೆಯ ಪುಟದ ಕೃತಜ್ಞತೆಯಲ್ಲಿ, ಉಪಕರಣ ಕೊಟ್ಟವರ ಹೆಸರಿನ ನಂತರ, ಸಿಮ್ಯುಲೇಷನ್ನಿಗೆ ನೆರವಾದವರು ಎಂದು ಇತ್ತು. ಕೇಳಿದಾಗ ಸಿಕ್ಕ ಉತ್ತರ ಸೌಮ್ಯವಾಗಿಯೇ ಇತ್ತು: ‘ಐಡಿಯಾ ನಿಮ್ಮದಲ್ಲವಲ್ಲ, ನೀವು ಲೆಕ್ಕ ಮಾಡಿದ್ದು.’ ಈ ಮಾತು ಕಿವಿಯಲ್ಲಿರುವಾಗಲೇ ನಾನು ಎಡಿತ್ ಕ್ಲಾರ್ಕಳ ಬದುಕನ್ನು ಹುಡುಕಿ ಓದತೊಡಗಿದ್ದು. ಆದ್ದರಿಂದ ನನ್ನ ಓದು ಪೂರಾ ನಿಷ್ಪಕ್ಷಪಾತ ಎಂದು ಹೇಳಿಕೊಳ್ಳುವುದಿಲ್ಲ.

ಆಕೆ ಹುಟ್ಟಿದ್ದು 1883ರ ಫೆಬ್ರವರಿ 10ರಂದು, ಅಮೆರಿಕದ ಮೇರಿಲ್ಯಾಂಡಿನ ಒಂದು ಜಮೀನುದಾರ ಕುಟುಂಬದಲ್ಲಿ. ಒಂಬತ್ತು ಮಕ್ಕಳಲ್ಲಿ ಒಬ್ಬಳು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಹದಿನೆಂಟಕ್ಕೆ ಪಾಲಿಗೆ ಬಂದ ಹಣವನ್ನು ಆಕೆ ಓದಿಗೆ ಹಾಕಿದಳು. ಹೆಣ್ಣುಮಕ್ಕಳ ವಾಸರ್ ಕಾಲೇಜು ಸೇರಿ, ಗಣಿತ ಮತ್ತು ಖಗೋಳಶಾಸ್ತ್ರ ಓದಿ 1908ರಲ್ಲಿ ಪದವಿ ಪಡೆದಳು. ನಂತರ ಕೆಲಕಾಲ ಮೇಷ್ಟ್ರ ಕೆಲಸ. ಮೊದಲು ಸ್ಯಾನ್‌ಫ್ರಾನ್ಸಿಸ್ಕೋದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ, ಆಮೇಲೆ ವೆಸ್ಟ್ ವರ್ಜೀನಿಯಾದ ಮಾರ್ಷಲ್ ಕಾಲೇಜಿನಲ್ಲಿ. 1911ರಲ್ಲಿ ಅದನ್ನೂ ಬಿಟ್ಟು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗಿಗೆ ಸೇರಿದಳು. ಆಗ ಆಕೆಗೆ ಇಪ್ಪತ್ತೆಂಟು. ಈ ವಯಸ್ಸನ್ನು ಓದಿದಾಗ ಪುಸ್ತಕ ಮಡಚಿ ಒಂದು ಕ್ಷಣ ಕೂತಿದ್ದೆ. ನನ್ನದೂ ಅದೇ ವಯಸ್ಸು. ಊರಿನ ಪ್ರತಿ ಮದುವೆಯಲ್ಲೂ ‘ಇನ್ನೂ ಓದೋದು ಮುಗೀಲಿಲ್ವಾ?’ ಎಂಬ ಪ್ರಶ್ನೆ ಹೋಳಿಗೆಗಿಂತ ಮೊದಲು ಎಲೆಗೆ ಬೀಳುತ್ತದೆ.

1912ರ ಬೇಸಿಗೆ ರಜೆಯಲ್ಲಿ ನ್ಯೂಯಾರ್ಕಿನ ಎಟಿ ಅಂಡ್ ಟಿ ಟೆಲಿಫೋನ್ ಕಂಪನಿಯಲ್ಲಿ ಆಕೆಗೆ ಒಂದು ಕೆಲಸ ಸಿಕ್ಕಿತು. ಹುದ್ದೆಯ ಹೆಸರು ‘ಕಂಪ್ಯೂಟರ್’.

ಇಂಗ್ಲಿಷಿನಲ್ಲಿ ಆ ಪದ ಆಗ ಮನುಷ್ಯರನ್ನು ಸೂಚಿಸುತ್ತಿತ್ತು: ಲೆಕ್ಕ ಮಾಡುವವರು. ನಮ್ಮ ‘ಗಣಕ’ ಪದದ ಕಥೆಯೂ ಇದೇ. ಹಿಂದೆ ಗಣಕನೆಂದರೆ ಲೆಕ್ಕಿಗ, ಗ್ರಹಗತಿ ಎಣಿಸುವವ. ಈಗ ಅದು ಯಂತ್ರ. ಇಂಗ್ಲಿಷಿನಲ್ಲಿ ಮನುಷ್ಯನ ಹೆಸರನ್ನು ಹಾಗೇ ಯಂತ್ರಕ್ಕೆ ಕೊಟ್ಟುಬಿಟ್ಟರು. ಕನ್ನಡ ಕೆಲಕಾಲ ‘ಗಣಕಯಂತ್ರ’ ಎಂದು ಬಾಲ ಹಚ್ಚಿ ವ್ಯತ್ಯಾಸ ಕಾಪಾಡಿತ್ತು, ಈಗ ಆ ಬಾಲವೂ ಉದುರುತ್ತಿದೆ. ಅಮೆರಿಕದ ಕಂಪನಿಗಳಲ್ಲಿ, ಖಗೋಳ ವೀಕ್ಷಣಾಲಯಗಳಲ್ಲಿ ಈ ಗಣಕರ ಕೆಲಸಕ್ಕೆ ಹೆಂಗಸರನ್ನು ಕೂರಿಸುತ್ತಿದ್ದರು. ಗಣಿತ ಓದಿದ ಹುಡುಗಿಯರು ಸಿಗುತ್ತಿದ್ದರು, ಸಂಬಳ ಕಡಿಮೆ ಕೊಟ್ಟರೂ ನಡೆಯುತ್ತಿತ್ತು. ಎಂಜಿನಿಯರು ಸಮೀಕರಣ ಬರೆದುಕೊಡಬೇಕು, ಅವರು ಅದಕ್ಕೆ ಅಂಕಿ ತುಂಬಬೇಕು. ಬುದ್ಧಿ ಅತ್ತ, ಬೆವರು ಇತ್ತ ಎಂಬುದು ಒಪ್ಪಂದ.

ಆಕೆ ಲೆಕ್ಕ ಮಾಡಿಕೊಡುತ್ತಿದ್ದದ್ದು ಜಾರ್ಜ್ ಕ್ಯಾಂಪ್‌ಬೆಲ್ ಎಂಬ ಸಂಶೋಧಕನಿಗೆ. ದೂರದ ಟೆಲಿಫೋನ್ ತಂತಿಯಲ್ಲಿ ಮಾತು ಮಸುಕಾಗದಂತೆ ಸಾಗಿಸುವ ಗಣಿತವನ್ನು ಕಟ್ಟಿದವರಲ್ಲಿ ಅವನು ಪ್ರಮುಖ. ರಜೆ ಮುಗಿದರೂ ಎಡಿತ್ ವಿಸ್ಕಾನ್ಸಿನ್ನಿಗೆ ಮರಳಲಿಲ್ಲ. ಮುಂದೆ ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಗಣಕಿಯರ ಒಂದು ತಂಡವನ್ನೇ ನಡೆಸಿದಳು. ರಾತ್ರಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ತರಗತಿ, ಹಂಟರ್ ಕಾಲೇಜಿನಲ್ಲಿ ರೇಡಿಯೋ ಪಾಠ. 1918ರಲ್ಲಿ ಎಂಐಟಿ ಸೇರಿ, ಮರುವರ್ಷ ಅಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗಿನಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೊದಲ ಹೆಂಗಸಾದಳು. ಮಾರ್ಗದರ್ಶಕ ಆರ್ಥರ್ ಕೆನೆಲಿ. ಪ್ರಬಂಧದ ವಿಷಯ, ಪ್ರಯೋಗಾಲಯದಲ್ಲಿ ತುಂಡುತುಂಡಾಗಿ ಜೋಡಿಸಿದ ಕೃತಕ ಪ್ರಸರಣ ಮಾರ್ಗ ಹೇಗೆ ವರ್ತಿಸುತ್ತದೆ ಎಂಬುದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಕೆಯ ಮುಂದಿನ ನಲವತ್ತು ವರ್ಷದ ಬೇರು ಇರುವುದು ಈ ತಂತಿಯಲ್ಲಿ.

ಗಿಡ್ಡ ತಂತಿಯ ಲೆಕ್ಕ ಹೈಸ್ಕೂಲು ಹುಡುಗರೂ ಮಾಡುತ್ತಾರೆ. ತಂತಿ ಉದ್ದವಾದಂತೆ ಅದರ ಸ್ವಭಾವವೇ ಬದಲಾಗುತ್ತದೆ. ಮೈಯುದ್ದಕ್ಕೂ ಚೂರು ಚೂರು ಪ್ರತಿರೋಧ, ಸುತ್ತಲೂ ಕಾಂತಕ್ಷೇತ್ರ, ತಂತಿಗೂ ನೆಲಕ್ಕೂ ನಡುವೆ ಸದಾ ತುಂಬಿ ಖಾಲಿಯಾಗುವ ವಿದ್ಯುದಾವೇಶ. ಇದೆಲ್ಲ ಒಂದು ಕಡೆ ಇರದೆ ಮಾರ್ಗದ ತುಂಬ ಹರಡಿಕೊಂಡಿರುತ್ತದೆ. ಆಚೆ ತುದಿಯಲ್ಲಿ ಯಾರೂ ವಿದ್ಯುತ್ ಬಳಸದಿದ್ದರೆ ಅಲ್ಲಿನ ವೋಲ್ಟೇಜ್ ಈಚೆ ತುದಿಗಿಂತ ಹೆಚ್ಚಾಗುವುದೂ ಉಂಟು. ಇದನ್ನು ಸರಿಯಾಗಿ ಹೇಳುವ ಸಮೀಕರಣಗಳಲ್ಲಿ ಹೈಪರ್ಬೋಲಿಕ್ ಫಲನಗಳು ಬರುತ್ತವೆ, ಅದೂ ಸಂಕೀರ್ಣ ಸಂಖ್ಯೆಗಳ ಮೇಲೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಂದು ಉತ್ತರಕ್ಕೆ ಕೋಷ್ಟಕ ಹುಡುಕಿ, ಗುಣಿಸಿ, ಕೂಡಿಸಿ, ಮತ್ತೆ ಗುಣಿಸಿ ಕೂರಬೇಕು. ಮಾರ್ಗದ ಉದ್ದವನ್ನು ಕೊಂಚ ಬದಲಿಸಿದರೆ ಎಲ್ಲ ಮೊದಲಿನಿಂದ.

ಹೀಗೆ ದೂರಕ್ಕೆ ವಿದ್ಯುತ್ ಕಳಿಸುವ ವಿಷಯದಲ್ಲಿ ನಮ್ಮ ಮೈಸೂರು ಸೀಮೆ ಹಿಂದೆ ಬಿದ್ದಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಎಳೆದ ಸುಮಾರು 147 ಕಿಲೋಮೀಟರಿನ ಮಾರ್ಗ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲೊಂದು. ಸೆಕೆಂಡಿಗೆ 25 ಆವರ್ತನದ ವಿದ್ಯುತ್ ಅದು; ಆವರ್ತನ ಕಡಿಮೆಯಾದಷ್ಟೂ ಉದ್ದದ ತಂತಿಯ ಕಾಟ ಕಡಿಮೆ. ನೀರಿನ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಆ ಕಂಪನಿಯ ದೊಡ್ಡ ಕೇಂದ್ರ ಇದ್ದದ್ದು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಎಂಬ ಊರಿನಲ್ಲಿ. ಎಂಐಟಿ ಪದವಿ ಹಿಡಿದು 1919ರಲ್ಲಿ ಎಡಿತ್ ಕೆಲಸಕ್ಕೆ ಹೋಗಿ ಸೇರಿದ್ದು ಅದೇ ಸ್ಕೆನೆಕ್ಟಡಿಗೆ.

ಎಂಜಿನಿಯರ್ ಆಗಿ ಅಲ್ಲ. ಆ ಪದವಿ ಇಟ್ಟುಕೊಂಡು ಹುಡುಕಿದರೂ ಹೆಂಗಸಿಗೆ ಎಂಜಿನಿಯರ್ ಹುದ್ದೆ ಸಿಗಲಿಲ್ಲ. ಸಿಕ್ಕಿದ್ದು ಟರ್ಬೈನ್ ವಿಭಾಗದಲ್ಲಿ ಗಣಕಿಯರ ಮೇಲ್ವಿಚಾರಕಿಯ ಕೆಲಸ. ತಿರುಗುವ ಟರ್ಬೈನಿನ ಮೈಮೇಲೆ ಬೀಳುವ ಒತ್ತಡಗಳ ಲೆಕ್ಕವನ್ನು ಹುಡುಗಿಯರ ಗುಂಪಿಗೆ ಹಂಚಿ, ಮಾಡಿಸಿ, ತಿದ್ದಿಕೊಡುವುದು. ವಯಸ್ಸು ಮೂವತ್ತಾರು.

ಅಲ್ಲಿದ್ದಾಗಲೇ ಬಿಡುವಿನಲ್ಲಿ ಆಕೆ ತನ್ನ ಹಳೆಯ ಪ್ರಸರಣ ಮಾರ್ಗದ ಸಮೀಕರಣಕ್ಕೆ ಮರಳಿ, ಒಂದು ಸಲಕರಣೆ ಮಾಡಿದಳು. ರೇಖೆಗಳನ್ನು ಬರೆದ ನಕ್ಷೆಯನ್ನು ತಿರುಗಿಸಿ, ಉತ್ತರವನ್ನು ಕಣ್ಣಿನಿಂದಲೇ ಓದಿಕೊಳ್ಳುವ ಸಾಧನ. ಹೈಪರ್ಬೋಲಿಕ್ ಫಲನಗಳ ಗೋಜಿಲ್ಲ. ಹಳೆಯ ವಿಧಾನಕ್ಕಿಂತ ಹತ್ತು ಪಟ್ಟು ಬೇಗ. 1921ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಳು, 1925ರಲ್ಲಿ ಅದು ಮಂಜೂರಾಯಿತು. ‘ಕ್ಲಾರ್ಕ್ ಕ್ಯಾಲ್ಕ್ಯುಲೇಟರ್’ ಎಂದು ಅದು ಹೆಸರಾಯಿತು.

ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಹತ್ತು ಪಟ್ಟು ಎಂಬ ಅಂಕಿ ಅಲ್ಲ. ಈ ಸಾಧನವನ್ನು ಕ್ಯಾಂಪ್‌ಬೆಲ್ ಮಾಡಲಿಲ್ಲ, ಕೆನೆಲಿ ಮಾಡಲಿಲ್ಲ. ಅವರಿಬ್ಬರಿಗೂ ಆ ಸಮೀಕರಣ ಎಡಿತ್‌ಗಿಂತ ಮೊದಲೇ ಗೊತ್ತಿತ್ತು; ಕೆನೆಲಿಯಂತೂ ಹೈಪರ್ಬೋಲಿಕ್ ಫಲನಗಳನ್ನು ವಿದ್ಯುತ್ತಿಗೆ ಅನ್ವಯಿಸುವುದರಲ್ಲಿ ಪ್ರಸಿದ್ಧ. ಆದರೆ ಆ ಸಮೀಕರಣವನ್ನು ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ ಅಂಕಿಗಳಲ್ಲಿ ತುಂಬಿದವರಿಗೆ ಮಾತ್ರ ಅದು ಎಲ್ಲಿ ಕೈ ನೋಯಿಸುತ್ತದೆ, ಯಾವ ಪದವನ್ನು ಬಿಟ್ಟರೂ ಉತ್ತರ ಕದಲುವುದಿಲ್ಲ, ಯಾವುದನ್ನು ಬಿಟ್ಟರೆ ಕೆಡುತ್ತದೆ ಎಂದು ಗೊತ್ತಿರುತ್ತದೆ. ಇದನ್ನು ಐಡಿಯಾ ಎನ್ನಬೇಕೋ ಲೆಕ್ಕ ಎನ್ನಬೇಕೋ? ಪೇಟೆಂಟ್ ಕಚೇರಿ ಐಡಿಯಾ ಎಂದಿತು. ಕಂಪನಿಯ ಹುದ್ದೆಪಟ್ಟಿ ಇನ್ನೂ ಒಪ್ಪಿರಲಿಲ್ಲ.

ಒಪ್ಪದಿದ್ದಾಗ ಆಕೆ ಮಾಡಿದ್ದು ನನಗೆ ಬಹಳ ಇಷ್ಟವಾದ ಸಂಗತಿ: ಕೆಲಸ ಬಿಟ್ಟು ಹೊರಟಳು. 1921ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಮಹಿಳಾ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕಿಯಾಗಿ ಸೇರಿದಳು. ಈಗಿನ ಇಸ್ತಾಂಬುಲ್. ಆ ನಗರ ಆಗ ಯುದ್ಧ ಗೆದ್ದ ದೇಶಗಳ ಸೈನ್ಯದ ಹಿಡಿತದಲ್ಲಿತ್ತು. ಸುಖದ ಪ್ರವಾಸಕ್ಕೆ ಹೋಗುವ ಊರಾಗಿರಲಿಲ್ಲ. ಮರುವರ್ಷ ಹಿಂದಿರುಗಿದಾಗ ಜನರಲ್ ಎಲೆಕ್ಟ್ರಿಕ್ ಆಕೆಯನ್ನು ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿಯೇ ಸೇರಿಸಿಕೊಂಡಿತು. ಸಂಬಳ, ಹುದ್ದೆ ಎರಡರಲ್ಲೂ ಎಂಜಿನಿಯರ್. ಅಮೆರಿಕದಲ್ಲಿ ಹಾಗೆ ನೇಮಕವಾದ ಮೊದಲ ಮಹಿಳೆ ಎಂದು ಆಕೆಯನ್ನು ಗುರುತಿಸುತ್ತಾರೆ. ವಯಸ್ಸು ಮೂವತ್ತೊಂಬತ್ತು. ಸಂಶೋಧನೆಯ ಬದುಕು ಲೆಕ್ಕಕ್ಕೆ ಶುರುವಾಗುವುದು ಇಲ್ಲಿಂದ. 1923ರಲ್ಲಿ ಮೊದಲ ಪ್ರಬಂಧ, ಆ ಸಲಕರಣೆಯದೇ. ಅಲ್ಲಿಂದ 1945ರವರೆಗೆ ಹದಿನೆಂಟರಷ್ಟು ಪ್ರಬಂಧಗಳು. ಈಗಿನ ಲೆಕ್ಕದಲ್ಲಿ ಇದು ಬಡ್ತಿಗೂ ಸಾಲದು ಎನ್ನುವವರು ನನ್ನ ಪರಿಚಯದಲ್ಲೇ ಇದ್ದಾರೆ.

1926ರ ಫೆಬ್ರವರಿ 8ರಂದು ಅಮೆರಿಕದ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆಯ ಸಭೆಯಲ್ಲಿ ಆಕೆ ಪ್ರಬಂಧ ಓದಿದಳು. ಅಲ್ಲಿ ಹೆಂಗಸೊಬ್ಬಳು ಪ್ರಬಂಧ ಓದಿದ್ದು ಅದೇ ಮೊದಲು. ವಿಷಯ ಪ್ರಸರಣ ಜಾಲಗಳ ಸ್ಥಿರತೆ. ಒಂದು ಉದ್ದದ ಮಾರ್ಗದಲ್ಲಿ ಎಷ್ಟು ವಿದ್ಯುತ್ತನ್ನು ಕಳಿಸಬಹುದು? ತಂತಿ ಕಾಯುವವರೆಗೆ ಎಂದು ಸಾಮಾನ್ಯರು ಊಹಿಸುತ್ತಾರೆ. ನಿಜವಾದ ಮಿತಿ ಬಹಳ ಸಲ ಬೇರೆ. ಎರಡು ಊರುಗಳ ಜನರೇಟರುಗಳನ್ನು ಎರಡು ಚಕ್ರ ಎಂದುಕೊಳ್ಳಿ, ನಡುವಿನ ಮಾರ್ಗವನ್ನು ಅವೆರಡನ್ನೂ ಕಟ್ಟಿದ ರಬ್ಬರ್ ಪಟ್ಟಿ ಎಂದುಕೊಳ್ಳಿ. ಒಂದು ಚಕ್ರ ಇನ್ನೊಂದನ್ನು ಎಳೆಯುತ್ತ ತಿರುಗುವಾಗ ಪಟ್ಟಿ ಹಿಗ್ಗುತ್ತದೆ, ಎಳೆಯುವ ಚಕ್ರ ತುಸು ಮುಂದಿರುತ್ತದೆ. ಭಾರ ಹೆಚ್ಚಿದಂತೆ ಆ ಅಂತರ ಹೆಚ್ಚುತ್ತದೆ. ಒಂದು ಹಂತ ದಾಟಿದರೆ ಪಟ್ಟಿಗೆ ಎಳೆಯುವ ಶಕ್ತಿಯೇ ಉಳಿಯದೆ ಚಕ್ರಗಳು ಒಂದರ ಲಯದಿಂದ ಇನ್ನೊಂದು ಕಳಚಿಕೊಳ್ಳುತ್ತವೆ. ಪಟ್ಟಿ ಉದ್ದವಾದಷ್ಟೂ ಆ ಹಂತ ಬೇಗ ಬರುತ್ತದೆ. ಜಲಪಾತಗಳಿರುವುದು ಕಾಡಿನಲ್ಲಿ, ಕಾರ್ಖಾನೆಗಳಿರುವುದು ದೂರದ ನಗರಗಳಲ್ಲಿ. ಹಾಗಾಗಿ ಅಂದಿನ ಅಮೆರಿಕಕ್ಕೆ ಇದು ಜೀವನ್ಮರಣದ ಪ್ರಶ್ನೆ. ಮಾರ್ಗ, ಟ್ರಾನ್ಸ್‌ಫಾರ್ಮರ್, ಯಂತ್ರ ಎಲ್ಲವನ್ನೂ ಸೇರಿಸಿ ಸಮಾನ ಮಂಡಲಗಳಾಗಿ ಬದಲಿಸಿ, ವೃತ್ತದ ನಕ್ಷೆಗಳ ಮೇಲೆ ಆ ಮಿತಿಯನ್ನು ಓದುವ ದಾರಿಯನ್ನು ಎಡಿತ್ ತೋರಿಸಿದಳು. ಮತ್ತೆ ಅದೇ ಸ್ವಭಾವ ನೋಡಿ. ಸಿದ್ಧಾಂತ ಹೇಳಿ ಕೈ ತೊಳೆದುಕೊಳ್ಳುವುದಿಲ್ಲ. ಮೇಜಿನ ಮುಂದೆ ಕೂತವರು ಇದನ್ನು ಹೇಗೆ ಮಾಡಬೇಕು ಎಂದು ಹೇಳುತ್ತಾಳೆ.

ಇದೇ ಪ್ರಶ್ನೆಯನ್ನು ಆಕೆ ಮುಂದೆ ಸೆಲ್ಡನ್ ಕ್ರೇರಿ ಎಂಬ ಸಹೋದ್ಯೋಗಿಯೊಡನೆ ಇನ್ನೂ ದೂರದ ಮಾರ್ಗಗಳಿಗೆ ಬೆಳೆಸಿದಳು. ಆ ಪ್ರಬಂಧಕ್ಕೆ 1941ರಲ್ಲಿ ಅದೇ ಸಂಸ್ಥೆಯ ಬಹುಮಾನ ಬಂತು. ಈ ಪ್ರಶ್ನೆ ನಮಗೆ ಹತ್ತಿರವಾದದ್ದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು ಕೋಟ್ಯಂತರ ಮನೆಗಳು ಕತ್ತಲಾದಾಗ ನಾನು ಪಿಯುಸಿಯಲ್ಲಿದ್ದೆ. ನಮ್ಮಲ್ಲಿ ದೀಪ ಆರಲಿಲ್ಲ. ಏಕೆಂದರೆ ದಕ್ಷಿಣದ ಜಾಲ ಆಗ ಉತ್ತರದ ಲಯಕ್ಕೆ ಕಟ್ಟಿಕೊಂಡಿರಲಿಲ್ಲ. ನಡುವೆ ನೇರ ವಿದ್ಯುತ್ತಿನ ಕೊಂಡಿಗಳಷ್ಟೇ ಇದ್ದವು. ಇಡೀ ದೇಶ ಒಂದೇ ಲಯದಲ್ಲಿ ತಿರುಗತೊಡಗಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಮಾರ್ಗ ಚಾಲೂ ಆದಾಗ. ಅಂಥದೊಂದು ಗಂಟು ಹಾಕುವ ಮುನ್ನ ಲೆಕ್ಕ ಮಾಡಬೇಕಾದದ್ದು 1926ರ ಆ ಪ್ರಶ್ನೆಯನ್ನೇ: ಈ ಪಟ್ಟಿ ಎಷ್ಟು ಹಿಗ್ಗಬಹುದು?

ಇನ್ನು ಆಕೆಯ ಹೆಸರನ್ನು ಇಂದಿಗೂ ಉಳಿಸಿರುವ ಆ ರೂಪಾಂತರದ ವಿಷಯ. ಇದನ್ನು ನಾನು ಮೊದಲು ಸರಿಯಾಗಿ ವಿವರಿಸಿದ್ದು ತರಗತಿಯಲ್ಲಲ್ಲ, ನಮ್ಮಜ್ಜಿಗೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ತ್ರೀ ಫೇಸ್ ಎಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ತ್ರೀ ಫೇಸ್ ಕೊಡುತ್ತಾರೆ ಎಂಬುದರ ಮೇಲೆ ನಮ್ಮಪ್ಪನ ನಿದ್ದೆ ನಿಂತಿದೆ. ‘ಒಂದು ಫೇಸ್ ಹೋಯ್ತು, ಮೋಟಾರ್ ಸುಟ್ಟೋಯ್ತು’ ಎಂಬ ಮಾತು ಕೇಳದೆ ಬೆಳೆದ ಮಕ್ಕಳು ನಮ್ಮ ಕಡೆ ಇಲ್ಲ. ಒಂದು ಹೋದರೆ ಉಳಿದೆರಡು ಇವೆಯಲ್ಲ, ಯಾಕೆ ಸುಡುತ್ತದೆ ಎಂದು ಅಜ್ಜಿ ಕೇಳಿದಳು. ನಾನು ಒನಕೆಯ ಉದಾಹರಣೆ ಕೊಟ್ಟೆ. ಒಂದು ಒರಳಿಗೆ ಮೂವರು ನಿಂತು ಕುಟ್ಟುವಾಗ ಒಬ್ಬಳ ಒನಕೆ ಬೀಳುವ ಹೊತ್ತಿಗೆ ಇನ್ನೊಬ್ಬಳದು ಏಳುತ್ತಿರುತ್ತದೆ, ಮೂರನೆಯವಳದು ಮೇಲಿರುತ್ತದೆ. ಮೂರೂ ಸಮ ಅಂತರದಲ್ಲಿ ಬಿದ್ದರೆ ಒರಳು ಅಲುಗುವುದಿಲ್ಲ. ತ್ರೀ ಫೇಸ್ ಎಂದರೆ ಅದೇ. ಮಾತು ಮುಗಿಯುವ ಮುಂಚೆ ಅಜ್ಜಿಯೇ ಹೇಳಿದಳು: ‘ಒಬ್ಬಳು ಕೈ ಬಿಟ್ಟರೆ ಉಳಿದಿಬ್ಬರ ರಟ್ಟೆ ಬಿದ್ದು ಹೋಗುತ್ತೆ. ಲಯವೂ ತಪ್ಪುತ್ತೆ.’ ಮೋಟಾರು ಸುಡುವುದರ ಕಾರಣ ಇದಕ್ಕಿಂತ ಹೆಚ್ಚೇನಲ್ಲ. ಉಳಿದ ಎರಡು ಸುರುಳಿಗಳಲ್ಲಿ ಹೆಚ್ಚು ವಿದ್ಯುತ್ ಹರಿಯುತ್ತದೆ, ಜೊತೆಗೆ ಮೋಟಾರನ್ನು ಹಿಮ್ಮುಖವಾಗಿ ತಿರುಗಿಸಲು ಹವಣಿಸುವ ಇನ್ನೊಂದು ಬಲ ಹುಟ್ಟಿಕೊಳ್ಳುತ್ತದೆ.

ಲಯ ತಪ್ಪಿದ ಮೂರನ್ನು ಲೆಕ್ಕ ಮಾಡುವುದು ಹೇಗೆ? 1918ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಚಾರ್ಲ್ಸ್ ಫೋರ್ಟೆಸ್ಕ್ಯೂ ಇದಕ್ಕೆ ಬಹಳ ಚೆಂದದ ಉತ್ತರ ಕೊಟ್ಟ. ಎಷ್ಟೇ ಅಡ್ಡಾದಿಡ್ಡಿಯಾದ ಮೂರು ಫೇಸುಗಳನ್ನೂ ಮೂರು ಶಿಸ್ತಿನ ತಂಡಗಳ ಮೊತ್ತವಾಗಿ ಬರೆಯಬಹುದು: ಮುಮ್ಮುಖ ಲಯದ ತಂಡ, ಹಿಮ್ಮುಖ ಲಯದ ತಂಡ, ಮೂವರೂ ಒಟ್ಟಿಗೇ ಕುಟ್ಟುವ ತಂಡ. ಜಾಲದಲ್ಲಿ ಎಲ್ಲೋ ಮರ ಬಿದ್ದು ಒಂದು ತಂತಿ ನೆಲ ಮುಟ್ಟಿದರೆ ಏನಾಗುತ್ತದೆಂದು ಲೆಕ್ಕ ಮಾಡಲು ಇಂದಿಗೂ ಇದೇ ದಾರಿ. ಈ ಸಮಮಿತ ಘಟಕಗಳ ವಿಧಾನವನ್ನು ದುಡಿಯುವ ಎಂಜಿನಿಯರುಗಳ ಕೈಗೆ ತಲುಪಿಸಿದವರಲ್ಲಿ ಎಡಿತ್ ಮುಖ್ಯಳು. ಆದರೆ ಅದರಲ್ಲಿ ಹೆಜ್ಜೆಹೆಜ್ಜೆಗೂ ಸಂಕೀರ್ಣ ಸಂಖ್ಯೆಗಳು ಬರುತ್ತವೆ. ಪ್ರತಿ ಗುಣಾಕಾರವೂ ನಾಲ್ಕು ಗುಣಾಕಾರ. ಲೆಕ್ಕದ ಮೇಜಿನಿಂದ ಎದ್ದು ಬಂದವಳಿಗೆ ಇದು ಕಣ್ಣಿಗೆ ಬೀಳದೆ ಇರಲಿಲ್ಲ. ಆಕೆ ಬೇರೆ ಘಟಕಗಳನ್ನು ಆರಿಸಿಕೊಂಡಳು: ಆಲ್ಫಾ, ಬೀಟಾ, ಸೊನ್ನೆ. ಒರಳನ್ನು ಮೇಲಿನಿಂದ ನೋಡಿ, ಮೂರು ದಿಕ್ಕಿನ ಒತ್ತಡಗಳನ್ನು ಪೂರ್ವ–ಪಶ್ಚಿಮ ಇಷ್ಟು, ದಕ್ಷಿಣ–ಉತ್ತರ ಇಷ್ಟು ಎಂದು ಎರಡೇ ಅಂಕಿಗಳಲ್ಲಿ ಹೇಳಿದ ಹಾಗೆ. ಮೂವರಿಗೂ ಸಮಾನವಾಗಿರುವ ಭಾಗವೇನಾದರೂ ಇದ್ದರೆ ಅದು ಸೊನ್ನೆಯ ಖಾತೆಗೆ. ಗುಣಕಗಳೆಲ್ಲ ಸಾದಾ ಸಂಖ್ಯೆಗಳು. 1930ರ ದಶಕದ ಕೆಲಸ ಇದು. ಪೂರ್ಣ ರೂಪದಲ್ಲಿ ನಾನು ಗ್ರಂಥಾಲಯದಿಂದ ಇಳಿಸಿದ 1943ರ ಸಂಪುಟದಲ್ಲಿದೆ. ಆ ಪುಸ್ತಕ ಕೂಡ ಕಂಪನಿಯ ಎಂಜಿನಿಯರುಗಳಿಗೆ ಪಾಠ ಹೇಳಲು ಆಕೆ ಬರೆದುಕೊಂಡ ಟಿಪ್ಪಣಿಗಳಿಂದ ಬೆಳೆದದ್ದು.

ಕೈಯಿಂದ ಲೆಕ್ಕ ಮಾಡುವವರ ಶ್ರಮ ಉಳಿಸಲು ಕಂಡುಕೊಂಡ ದಾರಿ ಕೈಲೆಕ್ಕದ ಕಾಲ ಮುಗಿದ ಮೇಲೆ ಕಣ್ಮರೆಯಾಗಬೇಕಿತ್ತು. ಆಕೆಯ ನಕ್ಷೆಯ ಕ್ಯಾಲ್ಕ್ಯುಲೇಟರ್ ಹಾಗೆ ಮ್ಯೂಸಿಯಂ ಸೇರಿತು. ರೂಪಾಂತರಕ್ಕೆ ಬೇರೆಯೇ ಗತಿ ಬಂತು. ಇನ್ವರ್ಟರಿನೊಳಗಿನ ಪುಟ್ಟ ಚಿಪ್ಪಿಗೂ ಸಮಯ ಕಡಿಮೆ. ಸೆಕೆಂಡಿಗೆ ಸಾವಿರಾರು ಸಲ ಮೂರು ಫೇಸುಗಳನ್ನು ಅಳೆದು, ಮುಂದೇನು ಮಾಡಬೇಕೆಂದು ಅದು ನಿರ್ಧರಿಸಬೇಕು. ಅದಕ್ಕೂ ಬೇಕಾದದ್ದು ಎರಡೇ ಅಂಕಿ, ಸಾದಾ ಗುಣಾಕಾರ. ನಮ್ಮೂರಿಗೆ ದೂರವಲ್ಲದ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಂಥ ಕಡೆ ಬಿಸಿಲು ವಿದ್ಯುತ್ತಾಗಿ ಜಾಲ ಸೇರುವಾಗ, ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ ನೇರ ವಿದ್ಯುತ್ತಿನ ಮಾರ್ಗ ಇಲ್ಲಿನ ಜಾಲದ ಲಯ ಹಿಡಿಯುವಾಗ, ನಿಯಂತ್ರಕಗಳೊಳಗೆ ನಡೆಯುವುದು ಈ ಬಗೆಯ ಲೆಕ್ಕವೇ. ಸ್ಕೆನೆಕ್ಟಡಿಯ ಯಂತ್ರಗಳ ವಿದ್ಯುತ್ 1902ರಲ್ಲಿ ಬಂದಿಳಿದದ್ದೂ ಕೋಲಾರದಲ್ಲೇ ಎಂಬುದು ಬರೀ ಕಾಕತಾಳೀಯ. ಆದರೂ ನನಗೆ ಅದನ್ನು ಬಿಟ್ಟುಬಿಡಲು ಮನಸ್ಸಾಗಲಿಲ್ಲ.

1943 ಎಂದಾಗ ಇನ್ನೊಬ್ಬರು ನೆನಪಾಗುತ್ತಾರೆ. ಅದೇ ವರ್ಷ ಬೆಂಗಳೂರಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ ರಾಜೇಶ್ವರಿ ಎಂಬ ಇಪ್ಪತ್ತೊಂದರ ಹುಡುಗಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಮುಂದೆ ರಾಜೇಶ್ವರಿ ಚಟರ್ಜಿ ಎಂದು ಹೆಸರಾದ ಅವರು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿಕೊಂಡರು. ಅವರ ಕ್ಷೇತ್ರ ಮೈಕ್ರೋವೇವ್, ವಿದ್ಯುತ್ ಜಾಲ ಅಲ್ಲ. ಆದರೆ ಹೆಂಗಸಿಗೆ ಎಂಜಿನಿಯರಿಂಗಿನ ಮುಂಬಾಗಿಲು ಮುಚ್ಚಿದ್ದ ಕಾಲದಲ್ಲಿ ಗಣಿತದ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದದ್ದು ಇಬ್ಬರೂ.

ಎಡಿತ್ 1945ರಲ್ಲಿ ಕಂಪನಿಯಿಂದ ನಿವೃತ್ತಳಾಗಿ ಮೇರಿಲ್ಯಾಂಡಿನ ತೋಟಕ್ಕೆ ಮರಳಿದಳು. ಎರಡು ವರ್ಷದ ನಂತರ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯ ಆಕೆಯನ್ನು ಕರೆಯಿತು. ಅಮೆರಿಕದ ಮೊದಲ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿ ಆಕೆ. ಆಗ ವಯಸ್ಸು ಅರವತ್ತನಾಲ್ಕು. ನಮ್ಮಲ್ಲಿ ಪ್ರಾಧ್ಯಾಪಕರು ಬೀಳ್ಕೊಡುಗೆಯ ಶಾಲು ಹೊದ್ದು ಮನೆಗೆ ಹೋಗುವ ವಯಸ್ಸು. ಸಂಶೋಧನೆಯ ಬಹುಪಾಲು ಮುಗಿದ ಮೇಲೆ ಸಿಕ್ಕಿದ ಪ್ರಾಧ್ಯಾಪಕಿ ಪಟ್ಟ ಅದು. ಮರುವರ್ಷ ಎಂಜಿನಿಯರುಗಳ ಸಂಸ್ಥೆ ಆಕೆಯನ್ನು ಫೆಲೋ ಮಾಡಿಕೊಂಡಿತು. ಅಲ್ಲೂ ಹೆಂಗಸರಲ್ಲಿ ಮೊದಲನೆಯವಳು. ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ಸಂದರ್ಶನ ಮಾಡಿದಾಗ, ಮಹಿಳಾ ಎಂಜಿನಿಯರುಗಳಿಗೆಂದು ಪ್ರತ್ಯೇಕ ಬೇಡಿಕೆಯೇನೂ ಇಲ್ಲ, ಒಳ್ಳೆಯ ಕೆಲಸ ಮಾಡಬಲ್ಲವರಿಗೆ ಮಾತ್ರ ಯಾವಾಗಲೂ ಇದೆ ಎಂಬರ್ಥದ ಮಾತು ಹೇಳಿದಳು. ಈ ಮಾತನ್ನು ಈಗ ಪೋಸ್ಟರುಗಳ ಮೇಲೆ ಹಾಕುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಒಳ್ಳೆಯ ಕೆಲಸಕ್ಕೆ ಬೇಡಿಕೆ ಇತ್ತು, ನಿಜ. ಅದನ್ನು ಮಾಡಿದವಳಿಗೆ ಎಂಜಿನಿಯರ್ ಎಂಬ ಹೆಸರು ಕೊಡಲು ಹತ್ತು ವರ್ಷ ಹಿಡಿಯಿತು, ಅದೂ ಆಕೆ ಎದ್ದು ಹೋದ ಮೇಲೆ. ಆಕೆಗೆ ಇದು ಗೊತ್ತಿರಲಿಲ್ಲವೆಂದು ನಂಬುವುದು ಕಷ್ಟ. ಬಹುಶಃ ಅರವತ್ತೈದರಲ್ಲಿ ಹಳೆಯ ಲೆಕ್ಕ ಕೆದಕುವ ಮನಸ್ಸಿರಲಿಲ್ಲ.

ಪುಸ್ತಕದ ಎರಡನೆಯ ಸಂಪುಟ 1950ರಲ್ಲಿ ಬಂತು. 1956ರಲ್ಲಿ ಮತ್ತೆ ನಿವೃತ್ತಿ, ಮತ್ತೆ ಮೇರಿಲ್ಯಾಂಡ್. 1959ರ ಅಕ್ಟೋಬರ್ 29ರಂದು ತೀರಿಕೊಂಡಳು. ಮದುವೆಯಾಗಿರಲಿಲ್ಲ.

ನನ್ನ ಗುಣಕದ ಗೊಂದಲ ಆ ಪುಸ್ತಕದಿಂದಲೇ ಬಗೆಹರಿಯಿತು. ಆಕೆಯದು ಮೂರನೆಯ ಎರಡು. ವರ್ಗಮೂಲದ ರೂಪ ಬೇರೆ ಅನುಕೂಲಕ್ಕಾಗಿ ಬೇರೆಯವರು ಹಾಕಿಕೊಂಡದ್ದು. ಪ್ರೋಗ್ರಾಮನ್ನು ತಿದ್ದಿದೆ, ಉತ್ತರ ಕೂಡಿತು. ಹಾಗೆ ತಿದ್ದುವಾಗ ಅಸಮತೋಲನದ ಹೊತ್ತಿನಲ್ಲಿ ಇನ್ವರ್ಟರಿನ ಲೆಕ್ಕವನ್ನು ತುಸು ಕಡಿಮೆ ಮಾಡುವ ಒಂದು ದಾರಿಯೂ ಕಂಡಿದೆ. ದೊಡ್ಡದೇನಲ್ಲ. ಕಳೆದ ತಿಂಗಳು ಅದನ್ನು ಬರೆದು, ಅನುಬಂಧದಲ್ಲಿ ಇರಿಸಿದ್ದ ಆ ಭಾಗವನ್ನು ತೆಗೆದು ಎರಡನೆಯ ಅಧ್ಯಾಯಕ್ಕೆ ತಂದೆ. ಲೇಖಕರ ಸಾಲಿನಲ್ಲಿ ನನ್ನ ಹೆಸರನ್ನು ನಾನೇ ಟೈಪ್ ಮಾಡಿ ಕಳಿಸಿದ್ದೇನೆ. ಕರಡು ಇನ್ನೂ ಮರಳಿ ಬಂದಿಲ್ಲ.